ದಾರ ಬೆಳೆಯುವುದಿಲ್ಲ

ಬೊಮ್ಮನಹುಡ್ಯ
ಶಿಡ್ಲಘಟ್ಟ ತಾಲ್ಲೂಕು
೧೯-೧೧-೧೯೬೭, ಭಾನುವಾರ

ಪ್ರೀತಿಯ ಮಗ ರಾಮಾಂಜಿಗೆ,

ನಿನ್ನ ಅಮ್ಮ ತಲೆ ನೇವರಿಸಿ ಬರೆಯುವ ಕಾಗದ. ಮೈ ಹೇಗಿದೆಯಪ್ಪಾ? ಅಲ್ಲಿಯ ಚಳಿಗೆ ಕಾಲ್ಬೆರಳು ಮರಗಟ್ಟುತ್ತವೆ ಎಂದು ಬರೆದಿದ್ದೆಯಲ್ಲ, ಈಗ ವಾಸಿಯೇ? ಹರಳೆಣ್ಣೆ ಸಿಕ್ಕಿದರೆ ಬಿಸಿ ಮಾಡಿ ತಿಕ್ಕಿಕೊಂಡು ಮಲಗು. ಸಿಗದಿದ್ದರೆ ಹೇಳು, ಯಾರಾದರೂ ಆ ಕಡೆಗೆ ರಜೆ ಮುಗಿಸಿ ಹೋಗುವವರಿದ್ದರೆ ಕಳಿಸುತ್ತೇನೆ. ಮಿಲಿಟರಿ ರೊಟ್ಟಿ ತಿಂದೂ ತಿಂದೂ ನಾಲಿಗೆ ಜಡ್ಡುಗಟ್ಟಿದೆ ಅಂದಿದ್ದೆ. ರಾಗಿ ಕೊಯ್ದಾಯಿತು, ಮೆದೆ ಹಾಕಿದ್ದೇವೆ, ನೀನು ಬರುವಷ್ಟರಲ್ಲಿ ಹೊಸ ರಾಗಿ ಹಿಟ್ಟು ಬಿದ್ದಿರುತ್ತದೆ. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮಪ್ಪನಿಗೆ ಮೊಣಕಾಲು ಹಿಡಿದುಕೊಂಡಿದೆ. ನೋವು ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಎತ್ತು ಕುಂಟುತ್ತಿದೆ ಅಂತ ಹೇಳಿಕೊಂಡು ಗಾಡಿ ನಿಲ್ಲಿಸಿ ಇಳಿದು ಕೂತುಕೊಳ್ಳುತ್ತಾರೆ. ನಿನ್ನ ದೊಡ್ಡ ಮಗಳು ರಾಮಲಕ್ಷ್ಮಿ ಎರಡನೇ ಕ್ಲಾಸಿನ ಪುಸ್ತಕ ಗಟ್ಟಿಯಾಗಿ ಓದುತ್ತಾಳೆ, ತಪ್ಪು ಓದಿದಾಗ ಇನ್ನೂ ಗಟ್ಟಿಯಾಗಿ ಓದುತ್ತಾಳೆ. ನಿನ್ನ ಮಗ ವೆಂಕಟರವಣ ಗಂಟಲು ಕೆಟ್ಟು ಎರಡು ದಿನ ಮಲಗಿದ್ದ, ಎದ್ದಿದ್ದಾನೆ. ಕೂಸಿಗೆ ಈಗ ಹದಿನಾಲ್ಕು ತಿಂಗಳು. ಗೋಡೆ ಹಿಡಿದು ಅಂಗಳದ ತನಕ ನಡೆಯುತ್ತದೆ, ಅಲ್ಲಿ ಗೋಡೆ ಮುಗಿಯಿತೆಂದು ಅಳುತ್ತದೆ. ಅವರೆ ಹೂ ಬಿಟ್ಟಿದೆ, ಇನ್ನೊಂದು ತಿಂಗಳಿಗೆ ಸೊಗಡು ಕಾಯಿ ಬರುತ್ತದೆ.

ನಿನ್ನ ಕಾಗದ ಮಂಗಳವಾರ ಬಂತು. ಮೊದಲನೆಯ ಪುಟದಲ್ಲಿ ಎಲ್ಲರ ಯೋಗಕ್ಷೇಮ ಕೇಳಿದ್ದೀಯೆ. ಎರಡನೆಯ ಪುಟದಲ್ಲಿ ಬರೆದದ್ದಕ್ಕೆ ಈ ಉತ್ತರ. ನಿನ್ನ ಹೆಂಡತಿ ಅಶ್ವತ್ಥಮ್ಮನಿಗೆ ಬಸುರು ನಿಲ್ಲದಿರಲೆಂದು ಆಷಾಢದಲ್ಲಿ ಹಾಕಿಸಿದ ಲೂಪನ್ನು ಕೂಡಲೇ ತೆಗೆಸಬೇಕು, ಮತ್ತೆ ಅಂಥದ್ದರ ಮಾತೇ ಎತ್ತಬಾರದು, ಇಲ್ಲದಿದ್ದರೆ ಸಂಕ್ರಾಂತಿಯ ರಜೆಗೆ ಊರಿಗೆ ಬರುವುದಿಲ್ಲ ಎಂದು ಬರೆದಿದ್ದೀಯೆ. ಪಕ್ಕದ ಮನೆ ಬಯ್ಯಪ್ಪ ನಿನಗೆ ಕಾಗದ ಹಾಕಿದ್ದಾನೆಂದು ಅದರಿಂದಲೇ ನನಗೆ ಗೊತ್ತಾಯಿತು. ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಗೋಡೆಯಾಚೆಯಿಂದ ಕೇಳಿಸಿಕೊಂಡದ್ದನ್ನು ಅಷ್ಟು ದೂರಕ್ಕೆ ಬರೆದು ಕಳಿಸಿದ್ದಾನೆ, ನನ್ನ ಹತ್ತಿರ ಬಂದು ಕೇಳಲು ಅವನಿಗೆ ಹೊತ್ತಿರಲಿಲ್ಲ. ಇರಲಿ. ನೀನು ಕೋಪದಲ್ಲಿ ಬರೆದಿದ್ದೀಯೆ, ಅಕ್ಷರಗಳು ಕಾಗದಕ್ಕೆ ಒತ್ತಿ ಹಿಂದಿನ ಬದಿಗೆ ಮೂಡಿವೆ. ನಾನು ಕೋಪ ಮಾಡಿಕೊಳ್ಳದೆ ಬರೆಯುತ್ತೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಧಾನವಾಗಿ ಕೂತು ಓದು. ಮಗನಿಗೆ ಬರೆಯುವ ವಿಷಯ ಇದಲ್ಲ ಎಂದು ನನಗೂ ಅನ್ನಿಸುತ್ತದೆ. ಆದರೆ ಬರೆಯಬೇಕಾದವಳಿಗೆ ಅಕ್ಷರ ಬರುವುದಿಲ್ಲ, ನನಗೆ ಬರುತ್ತದೆ.

ಕೂಸು ಹುಟ್ಟಿದಾಗ ನೀನು ಇಲ್ಲಿರಲಿಲ್ಲ. ತಾಯಿ ಮಗು ಕ್ಷೇಮ ಎಂದು ಒಂದು ಸಾಲು ಬರೆದಿದ್ದೆ, ಅದು ಪೂರಾ ನಿಜವಾಗಿರಲಿಲ್ಲ. ಹೆರಿಗೆಯಾದ ಮೇಲೆ ಅವಳಿಗೆ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಗಂಗುಲಮ್ಮ ಕೈ ಚೆಲ್ಲಿ ಕೂತಳು. ಗಾಡಿಯಲ್ಲಿ ಹುಲ್ಲು ಹಾಸಿ, ಅವಳನ್ನು ಮಲಗಿಸಿ, ಕಾಲಿನ ಕಡೆ ಹಲಗೆ ಎತ್ತರಿಸಿ ನಿಮ್ಮಪ್ಪ ಆಸ್ಪತ್ರೆಗೆ ಹೊಡೆದುಕೊಂಡು ಹೋದರು. ದಾರಿಯುದ್ದಕ್ಕೂ ನಾನು ಅವಳನ್ನು ಮಾತಾಡಿಸುತ್ತಲೇ ಇದ್ದೆ, ಮಾತು ನಿಂತರೆ ಏನಾಗುವುದೋ ಎಂಬ ಭಯಕ್ಕೆ. ಅಲ್ಲಿ ಡಾಕ್ಟರು ಹೇಳಿದ್ದು ಇಷ್ಟು: ಇವಳ ಮೈಯಲ್ಲಿ ರಕ್ತವಿಲ್ಲ, ಇನ್ನು ಮೂರು ವರ್ಷ ಬಸುರಾಗಬಾರದು, ಬಸುರಾದರೆ ಮುಂದಿನ ಸಲ ಗಾಡಿ ಇಲ್ಲಿಯ ತನಕ ಬರುವುದು ಅನುಮಾನ. ನೀನು ಹೋದ ಸಂಕ್ರಾಂತಿಗೆ ಬಂದಾಗ ಹೇಳೋಣವೆಂದುಕೊಂಡೆ. ನೀನು ಹಗಲೆಲ್ಲ ಕೂಸನ್ನು ಹೆಗಲಿಗೆ ಹಾಕಿಕೊಂಡು ಊರೆಲ್ಲ ಸುತ್ತಿದೆ, ನನಗೆ ಬಾಯಿ ಬರಲಿಲ್ಲ. ಅದು ನನ್ನ ತಪ್ಪು. ನೀನು ಹೊರಟುಹೋದ ಮೇಲೆ ಎರಡು ತಿಂಗಳು ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಬೆಳಿಗ್ಗೆ ವಾಕರಿಕೆ ಏನಾದರೂ ಬಂತೇ ಎಂದು. ಆಷಾಢದಲ್ಲಿ ಕುಟುಂಬ ಯೋಜನೆಯ ಕ್ಯಾಂಪು ಬಂದಾಗ ನಾನೇ ಅವಳನ್ನು ಕರೆದುಕೊಂಡು ಹೋದೆ. ಆದ್ದರಿಂದ ಗಂಡನನ್ನು ಕೇಳದೆ ಹಾಕಿಸಿಕೊಂಡಳು ಎಂಬ ನಿನ್ನ ಮಾತು ಅವಳಿಗೆ ಸೇರಬೇಕಾದದ್ದಲ್ಲ. ಅದನ್ನು ನನ್ನ ಮೇಲೆ ಹಾಕು.

ಆ ವಸ್ತು ಹೇಗಿದೆ ಎಂದು ನೋಡದೆ ನೀವು ಗಂಡಸರು ಏನೇನೋ ಅಂದುಕೊಳ್ಳುತ್ತೀರಿ. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ನಮ್ಮ ಚಂದ್ರಿಕೆ ಇದೆಯಲ್ಲ, ಬಿದಿರಿನ ಪಟ್ಟಿ ಸುತ್ತು ಸುತ್ತಾಗಿ ಬಾಗಿರುತ್ತದಲ್ಲ, ಅದರ ಮೂಲೆಯೊಂದನ್ನು ಬೆರಳುಗಾತ್ರಕ್ಕೆ ಇಳಿಸಿದರೆ ಹೇಗೋ ಹಾಗೆ. ಬಿಳಿಯ ಪ್ಲಾಸ್ಟಿಕ್ಕು. ಕೊನೆಯಲ್ಲಿ ಎರಡು ಸಣ್ಣ ದಾರ. ದಾರ ಒಳಗಿನಿಂದ ಗರ್ಭಕೋಶದ ಬಾಯಿಯ ತನಕ ಇಳಿದಿರುತ್ತದೆ, ತಿಂಗಳಿಗೊಂದು ಸಲ ಮುಟ್ಟು ನಿಂತ ಮೇಲೆ ಬೆರಳಿಗೆ ಸಿಗುತ್ತದೆಯೇ ಎಂದು ತಾನೇ ನೋಡಿಕೊಳ್ಳಬೇಕು ಎಂದು ಅಲ್ಲಿದ್ದ ನರ್ಸಮ್ಮ ಹೇಳಿಕೊಟ್ಟರು. ಒಂದು ಕರಪತ್ರವನ್ನೂ ಕೊಟ್ಟರು. ಅದನ್ನು ನಾನು ಅಕ್ಷರ ಕೂಡಿಸಿ ಕೂಡಿಸಿ ಮೂರು ಸಲ ಓದಿ ಹೇಳಿದೆ. ಮೊದಲ ಮೂರು ತಿಂಗಳು ರಕ್ತ ಸ್ವಲ್ಪ ಹೆಚ್ಚು ಹೋಗಬಹುದು ಎಂದು ಅದರಲ್ಲಿತ್ತು. ಹುಳು ಸಾಕುವ ಮನೆಯಲ್ಲಿ ಆ ಸ್ವಲ್ಪ ಹೆಚ್ಚು ಎಂಬುದು ಏನು ಮಾಡೀತು ಎಂಬುದು ಆ ಕರಪತ್ರ ಬರೆದವರಿಗೆ ಗೊತ್ತಿರಲಿಲ್ಲ. ನನಗಾದರೂ ಗೊತ್ತಾಗಬೇಕಿತ್ತು.

ನಿನಗೆ ತಿಳಿಯದ್ದೇನಲ್ಲ. ಮುಟ್ಟಾದವಳು ಹುಳುಮನೆಯ ಹೊಸಿಲು ತುಳಿಯಬಾರದು, ಸೊಪ್ಪು ಮುಟ್ಟಬಾರದು, ತಟ್ಟೆಯ ಮೇಲೆ ನೆರಳು ಬೀಳಬಾರದು. ನಮ್ಮತ್ತೆ ನನಗೆ ಹೇಳಿದರು, ನಾನು ಅವಳಿಗೆ ಹೇಳಿದೆ. ಮೂರು ದಿನ ಜಗುಲಿಯ ಮೇಲೆ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಹನ್ನೆರಡು ದಿನ ಕೂತರೆ? ಶ್ರಾವಣದಲ್ಲಿ ಹಾಗೆ ಕೂತಳು. ನೀರಿಗೆ ಹೋಗುವವರೆಲ್ಲ ನಿಂತು ದಿನ ಎಣಿಸಿದರು. ಬಯ್ಯಪ್ಪನ ಹೆಂಡತಿ ಅಂತೂ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡೇ, ಏನಮ್ಮಾ ಅಶ್ವತ್ಥಮ್ಮ, ಜಗುಲೀನ ನಿನ್ನ ಹೆಸರಿಗೆ ಬರ್ಸಿಕೊಂಡ್ಯಾ, ಅಂದಳಂತೆ. ಇಲ್ಲಿ ನಾನೊಬ್ಬಳೇ ನಲವತ್ತು ತಟ್ಟೆ ಹುಳುವಿಗೆ ಸೊಪ್ಪು ಹಾಕಬೇಕು. ನಾನು ಬಾಯಲ್ಲಿ ಏನೂ ಅನ್ನಲಿಲ್ಲ, ಆದರೆ ಬುಟ್ಟಿ ಇಳಿಸುವಾಗ ಉಸ್ಸೆಂದಿದ್ದು ಅವಳಿಗೆ ಕೇಳಿಸಿರಬೇಕು. ಭಾದ್ರಪದದಲ್ಲಿ ನಾಲ್ಕೇ ದಿನಕ್ಕೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ನಿಂತಿತೇನೇ ಅಂದೆ, ನಿಂತಿತು ಅತ್ತೆ ಅಂದಳು. ನನಗೂ ನಿಂತಿದೆ ಎಂದು ನಂಬುವುದೇ ಅನುಕೂಲವಾಗಿತ್ತು.

ದಸರಾಕ್ಕೆ ಮುಂಚೆ ಮನೆ ಸಾರಿಸಲು ಸೊಪ್ಪು ಇಡುವ ಗೂಡು ಖಾಲಿ ಮಾಡಿದಾಗ ಗೋಣಿತಾಟಿನ ಕೆಳಗೆ ಸಣ್ಣ ಸಣ್ಣ ಕಾಗದದ ಪೊಟ್ಟಣಗಳು ಸಿಕ್ಕವು, ಒಂದು ಹಿಡಿ. ಅಂಗಡಿಯಲ್ಲಿ ಕೊಡುತ್ತಾರಲ್ಲ, ತಲೆನೋವಿನ ಪುಡಿ. ಅವಳನ್ನು ಕರೆದು ಕೂರಿಸಿಕೊಂಡೆ. ಮುಖ ಗೋಡೆಗೆ ಹೊಡೆದ ಸುಣ್ಣದ ಹಾಗಿತ್ತು. ಎರಡು ಸಲ ರೆಪ್ಪೆ ಎಳೆದು ನೋಡಿದೆ, ಒಳಗೂ ಅದೇ ಬಣ್ಣ. "ಎಷ್ಟು ದಿನದಿಂದ ಕಣೇ?" ಅಂದೆ. ಅವಳು ತಲೆ ಎತ್ತದೆ, "ನಿಂತೇ ಇಲ್ಲ ಅತ್ತೆ. ಹೊಟ್ಟೆ ಕಿವುಚ್ತದೆ, ಪುಡಿ ಹಾಕ್ಕೊಂಡ್ರೆ ಎದ್ದು ಓಡಾಡ್ಬೋದು. ಹುಳ ಹಸ್ಕೊಂಡಿರ್ತವಲ್ಲ," ಅಂದಳು. ದಿನಕ್ಕೆ ನಾಲ್ಕು ಪುಡಿ, ಕೆಲವು ದಿನ ಐದು. ನೋವು ಅಡಗಿಸಿಕೊಂಡು, ಬಟ್ಟೆ ಬಿಗಿದುಕೊಂಡು, ದಿನವೂ ಹುಳುಮನೆಯಲ್ಲಿ ನಿಂತು ಸೊಪ್ಪು ಹಾಕಿದ್ದಾಳೆ. ನಾನು ಬೈಯಬೇಕೆಂದೇ ಕೂತಿದ್ದೆ. ಬೈಯಲಾಗಲಿಲ್ಲ.

ಈಗ ಬಯ್ಯಪ್ಪನ ವಿಷಯ. ಭಾದ್ರಪದದ ಆ ದಿನಗಳಲ್ಲಿ ಅವನ ಹುಳುವಿಗೆ ಸಪ್ಪೆ ರೋಗ ಹಿಡಿದು ತಟ್ಟೆಗಟ್ಟಲೆ ಕರಗಿಹೋಯಿತು, ನಿಜ. ಗೋಡೆಯ ಈಚೆಯಿಂದ ನಿನ್ನ ಹೆಂಡತಿಯ ಗಾಳಿ ಬಡಿಯಿತೆಂದು ಅವನು ನಿನಗೆ ಬರೆದಿದ್ದಾನೆ. ಅದೇ ದಿನಗಳಲ್ಲಿ ಅವಳ ಕೈಯಿಂದಲೇ ಸೊಪ್ಪು ತಿಂದ ನಮ್ಮ ಹುಳು ಸರಿಯಾಗಿ ಎದ್ದು, ಹಣ್ಣಾಗಿ, ಗೂಡು ಕಟ್ಟಿತು. ಅದನ್ನು ಅವನು ಬರೆದಿಲ್ಲ. ಅವನು ಮಳೆಯಲ್ಲಿ ಕೊಯ್ದ ಸೊಪ್ಪನ್ನು ಒರೆಸದೆ, ಆರಿಸದೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನನ್ನು ಕೇಳಬೇಡ, ಜಗಳವಾಗುತ್ತದೆ. ನಿನಗೆ ತಿಳಿದಿರಲಿ ಎಂದು ಬರೆದೆ.

ನನ್ನ ಮುಂದಿನ ತಪ್ಪು ಕೇಳು. ಡಾಕ್ಟರ ಹತ್ತಿರ ಹೋಗುವುದು ಬಿಟ್ಟು ಗಂಗುಲಮ್ಮನನ್ನು ಕರೆಸಿದೆ. ಅವಳು ಯಾವುದೋ ತೊಗಟೆ ಕುದಿಸಿ ಮೂರು ದಿನ ಕುಡಿಸಿದಳು. ಅಷ್ಟರಲ್ಲಿ ಊರಿಗೆ ಬರುವ ನರ್ಸಮ್ಮ ಇವಳ ಮುಖ ನೋಡಿ ಮೈಗೆ ರಕ್ತ ಬರಲೆಂದು ಕೆಂಪು ಮಾತ್ರೆ ಕೊಟ್ಟರು. ಅದನ್ನು ತೆಗೆದುಕೊಂಡ ಎರಡನೆಯ ದಿನಕ್ಕೆ ಇವಳು ಹೊಲದಿಂದ ಓಡಿ ಬಂದಳು, ಹೊರಕಡೆಗೆ ಹೋದದ್ದೆಲ್ಲ ಕಪ್ಪಗೆ ಕಾಡಿಗೆಯ ಹಾಗಿದೆ ಎಂದು. ಗಂಗುಲಮ್ಮ ಕೆನ್ನೆ ಬಡಿದುಕೊಂಡು, ಅಯ್ಯೋ ಲೂಪು ತುಕ್ಕು ಹಿಡೀತು ಕಣಮ್ಮಾ, ಕಬ್ಬಿಣ ಅಲ್ವಾ, ನನ್ನ ಕಷಾಯಕ್ಕೆ ತುಕ್ಕು ಬಿಡ್ತಾ ಅದೆ, ಅಂದಳು. ಬಾವಿಯ ರಾಟೆ ತುಕ್ಕು ಹಿಡಿಯುತ್ತದೆ, ಕುಡುಗೋಲು ಹಿಡಿಯುತ್ತದೆ, ಇದೂ ಹಿಡಿದಿರಬಹುದು ಎಂದು ನನಗೂ ಅನ್ನಿಸಿತು. ಆ ವಸ್ತುವನ್ನು ಕಣ್ಣಿಂದ ಕಂಡವಳು ನಾನು, ಪ್ಲಾಸ್ಟಿಕ್ಕು ಎಂದು ಕರಪತ್ರದಲ್ಲಿ ಓದಿದವಳು ನಾನು. ಆದರೂ ಮಾತ್ರೆ ನಿಲ್ಲಿಸಿಬಿಟ್ಟೆ. ಕಷಾಯ ಮುಂದುವರಿಸಿದೆ. ನಿಮ್ಮಪ್ಪನಿಗೆ ವಿಷಯ ಹೇಳಿದರೆ ಮೀಸೆ ಸವರಿಕೊಂಡು, ಆಡವಾಳ್ಳ ಸಂಗತಿ ನಾಕೆಂದುಕೇ, ಅಂದುಬಿಟ್ಟರು. ನನಗೇಕೆ ಅನ್ನುವುದಕ್ಕೂ ತೆಲುಗೇ, ಹೆಂಗಸರ ವಿಷಯ ಬಂದರೆ ಅವರಿಗೆ ಕನ್ನಡವೇ ಮರೆತುಹೋಗುತ್ತದೆ.

ದೀಪಾವಳಿಯ ಮರುದಿನ ಅಶ್ವತ್ಥಮ್ಮ ಹಿತ್ತಿಲಿಂದ ಬಂದವಳು ನನ್ನ ಕಿವಿಯ ಹತ್ತಿರ, ಅತ್ತೆ ದಾರ ಉದ್ದ ಆಗಿದೆ, ಅಂದಳು. ಅದಕ್ಕೆ ಹಿಂದಿನ ವಾರವೇ ಅವಳು ಶಿಡ್ಲಘಟ್ಟದಲ್ಲಿ ಒಂದು ಕಡೆ ತೋರಿಸಿಕೊಂಡು ಹೀಗೇ ಹೇಳಿದ್ದಳಂತೆ. ಅಲ್ಲಿದ್ದವರು ಕೂತಲ್ಲಿಂದಲೇ, ಎಲ್ಲಾ ಸರಿಯಿದೆ ಹೋಗಮ್ಮ, ನಿಮಗೆಲ್ಲ ಇದೇ ಭ್ರಮೆ, ಅಂದು ಕಳಿಸಿದ್ದರು. ನಾನೂ ಅದನ್ನೇ ಅಂದೆ. ದಾರ ಏನು ಸೊರೆಬಳ್ಳಿಯೇ ಬೆಳೆಯುವುದಕ್ಕೆ, ಸುಮ್ಮನಿರೇ, ಅಂದೆ. ಆಗ ಅವಳು ನನ್ನ ಮುಖ ನೋಡಿದಳು. ಹತ್ತು ವರ್ಷದಲ್ಲಿ ಅವಳು ನನ್ನ ಮುಖ ನೋಡಿ ಎದುರುತ್ತರ ಕೊಟ್ಟದ್ದು ಅದೊಂದೇ ಸಲ. "ದಾರ ಬೆಳೆಯಲ್ಲ ಅಂತ ನಂಗೂ ಗೊತ್ತು ಅತ್ತೆ. ಕುದಿಯೋ ನೀರಲ್ಲಿ ಕೈಯಿಟ್ಟು ಗೂಡಿನ ಎಳೆ ಹುಡುಕ್ದೋಳು ನಾನು. ಕಣ್ಣಿಗೆ ಕಾಣ್ದೇ ಇರೋ ಎಳೇನೇ ಬೆರಳಿಗೆ ಸಿಕ್ತದೆ. ದಾರ ಬೆಳ್ದಿಲ್ಲ. ಅದು ಕಟ್ಟಿರೋದು ಕೆಳಕ್ಕೆ ಬಂದದೆ."

ನಿನ್ನ ಮಾವನ ಮನೆಯಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಚರಕ ಇದ್ದದ್ದು ನಿನಗೆ ಗೊತ್ತು. ಹತ್ತನೇ ವಯಸ್ಸಿಗೇ ಅವಳು ಬಾಣಲೆಯ ಮುಂದೆ ಕೂತವಳು. ಅವಳ ಬೆರಳ ತುದಿಗಳು ಈಗಲೂ ಬಿಳಿಚಿಕೊಂಡಿವೆ, ಬಿಸಿ ತಪ್ಪಲೆ ಬಟ್ಟೆಯಿಲ್ಲದೆ ಇಳಿಸುತ್ತಾಳೆ. ಆ ಬೆರಳಿನ ಮಾತನ್ನು ಸುಳ್ಳೆನ್ನಲು ನನಗೆ ಧೈರ್ಯ ಬರಲಿಲ್ಲ. ಎಂಟನೇ ತಾರೀಖು ಬುಧವಾರ ಮೊದಲನೇ ಬಸ್ಸಿಗೇ ಹೊರಟೆವು. ನಿಮ್ಮಪ್ಪನೂ ಬಂದರು, ಚಿಕ್ಕಬಳ್ಳಾಪುರದಲ್ಲಿ ಕೆಲಸವಿದೆ ಎಂದು ಹೇಳಿಕೊಂಡು. ಕೆಲಸವೇನೂ ಇರಲಿಲ್ಲ. ಆಸ್ಪತ್ರೆಯ ಎದುರಿನ ಹುಣಸೆಮರದ ಕೆಳಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಧ್ಯಾಹ್ನದ ತನಕ ಕೂತಿದ್ದರು.

ಅಲ್ಲಿಯ ಲೇಡಿ ಡಾಕ್ಟರು ನನ್ನ ತಂಗಿಯ ವಯಸ್ಸಿನವರು. ಮೈಸೂರು ಕಡೆಯ ಮಾತು. ನಾನು ಶ್ರಾವಣದಿಂದ ನಡೆದದ್ದನ್ನೆಲ್ಲ ಹೇಳಿದೆ, ಅವರು ನಡುವೆ ಬಾಯಿ ಹಾಕದೆ ಕೇಳಿದರು. ಅಶ್ವತ್ಥಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ನೋಡಿ ಬಂದು, ನಿಮ್ಮ ಸೊಸೆ ಹೇಳಿದ್ದೇ ಸರಿ, ಅರ್ಧ ಜಾರಿಬಿಟ್ಟಿದೆ, ಇನ್ನೊಂದು ಮುಟ್ಟಿಗೆ ತಾನಾಗಿ ಬಿದ್ದು ಹೋಗಿರೋದು, ಇದೆ ಅಂದುಕೊಂಡೇ ನೀವು ಇರುತ್ತಿದ್ದಿರಿ, ಅಂದರು. ಕೆಲವರಿಗೆ ಮೊದಲ ಕೆಲವು ತಿಂಗಳಲ್ಲಿ ಹಾಗೆ ಜಾರುತ್ತದಂತೆ, ಅದರಲ್ಲೂ ಮುಟ್ಟಿನ ದಿನಗಳಲ್ಲಿ. ಬುಟ್ಟಿ ಹೊತ್ತದ್ದಕ್ಕೋ, ಕೂತು ಏಳುವುದಕ್ಕೋ ಎಂದು ಕೇಳಿದೆ. ಹಾಗೇನೂ ಇಲ್ಲ, ಅವಳ ತಪ್ಪೇನೂ ಇಲ್ಲ, ಗರ್ಭಕೋಶ ಕೆಲವೊಮ್ಮೆ ಹೊರಗಿನದನ್ನು ತಳ್ಳುತ್ತದೆ ಅಂದರು. ಜಾರಿದ್ದನ್ನು ಅವತ್ತೇ ತೆಗೆದುಬಿಟ್ಟರು. ನೋಡು, ನಿನ್ನ ಕಾಗದ ಬರುವುದಕ್ಕೆ ಆರು ದಿನ ಮುಂಚೆಯೇ ಅದು ಹೊರಗೆ ಬಂದಿತ್ತು.

ಔಷಧಗಳ ವಿಷಯ ನೀನೂ ಕೇಳಿದ್ದೀಯೆ, ನಾನೂ ಒಂದೊಂದಾಗಿ ಕೇಳಿದೆ. ತಲೆನೋವಿನ ಪುಡಿಯ ಹೆಸರು ಕೇಳಿದೊಡನೆ ಅವರ ಮುಖ ಬಿಗಿಯಾಯಿತು. ಅದು ರಕ್ತವನ್ನು ತೆಳ್ಳಗೆ ಮಾಡುತ್ತದಂತೆ, ಮೊದಲೇ ಹೆಚ್ಚು ಹೋಗುತ್ತಿರುವವಳಿಗೆ ಇನ್ನಷ್ಟು ಹೋಗುವ ಹಾಗೆ. ಲೂಪಿನಿಂದ ಸ್ವಲ್ಪ, ಪುಡಿಯಿಂದ ಸ್ವಲ್ಪ, ಅದಕ್ಕೇ ಅಷ್ಟು ದಿನ. ನೋವಿಗೆ ಬೇರೆ ಮಾತ್ರೆ ಕೊಟ್ಟಿದ್ದಾರೆ, ಬಿಸಿನೀರಿನ ಶಾಖ ಕೊಡಿ ಅಂದಿದ್ದಾರೆ. ಕೆಂಪು ಮಾತ್ರೆ ಕಬ್ಬಿಣದ ಸತ್ತ್ವದ್ದು, ಅದನ್ನು ತೆಗೆದುಕೊಂಡರೆ ಕಪ್ಪಗೆ ಹೋಗುವುದೇ ಸಹಜ. ತುಕ್ಕಿನ ಕಥೆ ಹೇಳಿದಾಗ ಅವರು ಸೆರಗು ಬಾಯಿಗೆ ಹಿಡಿದುಕೊಂಡರು, ನಾನೂ ನಕ್ಕುಬಿಟ್ಟೆ. ಗಂಗುಲಮ್ಮನ ತೊಗಟೆ ಯಾವುದೆಂದು ಗೊತ್ತಿಲ್ಲದೆ ಏನು ಹೇಳಲಿ, ನಿಲ್ಲಿಸಿಬಿಡಿ ಅಂದರು. ನಿಮ್ಮ ಯೂನಿಟ್ಟಿನ ಕಾಂಪೌಂಡರು ನಿನಗೆ ಹೇಳಿದ್ದಾರಲ್ಲ, ಪೆನ್ಸಿಲಿನ್ ಚುಚ್ಚಿಸಿಕೊಂಡರೆ ಲೂಪು ಕರಗಿಹೋಗುತ್ತದೆ, ಕೆಲಸ ಮಾಡುವುದಿಲ್ಲ, ಎದೆಗೆ ಏರುತ್ತದೆ ಎಂದು. ನೀನು ಬರೆಯುವುದಕ್ಕೆ ಮುಂಚೆಯೇ ಅದೇ ಭಯ ನನಗೂ ಇತ್ತು, ಶ್ರಾವಣದಲ್ಲಿ ಕೊಯ್ದ ಹಿಪ್ಪುನೇರಳೆ ಕೂಳೆ ಅವಳ ಕಾಲಿಗೆ ಚುಚ್ಚಿ ಕೀವಾಗಿ ಎರಡು ಪೆನ್ಸಿಲಿನ್ ಸೂಜಿ ಹಾಕಿಸಿದ್ದೆವು. ಡಾಕ್ಟರು ಹೇಳಿದ್ದು ಹೀಗೆ: ಲೂಪು ರಕ್ತಕ್ಕೆ ಸೇರಿ ಕೆಲಸ ಮಾಡುವ ಔಷಧ ಅಲ್ಲ, ಇದ್ದ ಜಾಗದಲ್ಲಿ ಇದ್ದು ಕೆಲಸ ಮಾಡುವ ವಸ್ತು. ಪೆನ್ಸಿಲಿನ್ನಾಗಲಿ, ಮಲೇರಿಯಾ ಮಾತ್ರೆಯಾಗಲಿ, ಜ್ವರದ ಮಾತ್ರೆಯಾಗಲಿ ಅದನ್ನು ಕರಗಿಸುವುದಿಲ್ಲ, ಕೆಡಿಸುವುದಿಲ್ಲ. ಎದೆಗೆ ಏರುವ ದಾರಿಯೂ ಅಲ್ಲಿಲ್ಲ. ಕಾಂಪೌಂಡರಿಗೆ ಇದನ್ನು ಮರ್ಯಾದೆಯಿಂದ ಹೇಳು.

ಇನ್ನೊಂದು ಮಾತು ಅವರು ಕೇಳಿದರು. ಬರೆಯಲೋ ಬೇಡವೋ ಎಂದು ಈ ಜಾಗದಲ್ಲಿ ಲೇಖನಿ ಕೆಳಗಿಟ್ಟು, ಹಾಲು ಕಾಯಿಸಿ ಬಂದು ಕೂತಿದ್ದೇನೆ. ಗಂಡ ಮನೆಯಲ್ಲಿದ್ದಾರೋ ದೂರದಲ್ಲಿದ್ದಾರೋ ಎಂದು ಕೇಳಿದರು. ದೂರವಿದ್ದು ಬರುವ ಗಂಡಸರು ಕೆಲವೊಮ್ಮೆ ತಮಗೇ ಗೊತ್ತಿಲ್ಲದೆ ಸೋಂಕು ತರುತ್ತಾರಂತೆ. ಲೂಪಿದ್ದವಳಿಗೆ ಅದು ತಗುಲಿದರೆ ಕಿಬ್ಬೊಟ್ಟೆ ನೋವು, ಜ್ವರ, ಮುಂದೆ ದೊಡ್ಡ ತೊಂದರೆ. ರಜೆಗೆ ಹೊರಡುವ ಮುಂಚೆ ನಿಮ್ಮ ಆಸ್ಪತ್ರೆಯಲ್ಲಿ ಒಂದು ಸಲ ತೋರಿಸಿಕೊಂಡು ಬಾ. ನಿನ್ನ ಮೇಲಿನ ಅನುಮಾನಕ್ಕೆ ಬರೆದದ್ದಲ್ಲ. ಎಲ್ಲರಿಗೂ ಹೇಳುವ ಮಾತು ಎಂದು ಅವರೇ ಅಂದರು. ಗಂಡಸರಿಗೂ ಒಂದು ಸಣ್ಣ ಆಪರೇಷನ್ ಇದೆ, ಅದನ್ನೂ ಬರೆಯಿರಿ ಅಂದರು. ಬರೆದಿದ್ದೇನೆ. ಅಷ್ಟೆ.

ಎಲ್ಲ ಹೇಳಿದ ಮೇಲೆ ಡಾಕ್ಟರು ಅಶ್ವತ್ಥಮ್ಮನ ಕಡೆ ತಿರುಗಿ, ಈಗ ತೆಗೆದದ್ದಾಗಿದೆ, ಬೇಡವೆಂದರೆ ಇಷ್ಟಕ್ಕೇ ಬಿಡಬಹುದು, ಆದರೆ ಬಸುರಾಗದ ಹಾಗೆ ಬೇರೆ ಎಚ್ಚರ ಬೇಕು. ಬೇಕೆಂದರೆ ನಿನ್ನ ಅಳತೆಗೆ ಇನ್ನೊಂದು ಸೈಜಿನದು ಹಾಕುತ್ತೇನೆ, ಈಗಲ್ಲ, ಐದು ವಾರ ಮಾತ್ರೆ ತಿಂದು ಮೈಗೆ ರಕ್ತ ಬಂದ ಮೇಲೆ, ಮುಟ್ಟು ಮುಗಿಯುವ ದಿನಕ್ಕೆ. ನಿನಗೇನು ಬೇಕು ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನನ್ನನ್ನು ಯಾರೂ ಯಾವತ್ತೂ ಈ ಮಾತು ಕೇಳಿರಲಿಲ್ಲ, ರಾಮಾಂಜಿ. ಒಂಬತ್ತು ಹೆತ್ತೆ, ಉಳಿದವರು ನೀವು ಮೂವರು. ನಿನಗೇನು ಬೇಕು ಎಂದು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ನನ್ನ ಮುಖ ಯಾಕ್ ನೋಡ್ತೀಯೇ, ನಿನ್ನನ್ನ ಕೇಳಿದ್ದು, ಅಂದೆ. ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಹೇಳಿದಳು: "ಹಾಕಿ ಅಮ್ಮಾ. ಮೂರು ಮಕ್ಕಳವೆ. ಅವು ದೊಡ್ಡವಾಗೋ ಗಂಟ ನಾನಿರ್ಬೇಕು."

ಹೊರಗೆ ಬಂದರೆ ನಿಮ್ಮಪ್ಪ ಮರದ ಕೆಳಗಿಂದ ಎದ್ದು ನಿಂತು, ಏಮಂದೀ ಡಾಕ್ಟ್ರಮ್ಮ, ಎಂದು ಡಾಕ್ಟರು ಹೇಳಿದ್ದೇನೆಂದು ಕೇಳಿದರು. ಹೆಂಗಸರ ವಿಷಯ ನಿಮಗೇಕೆ ಅಂದೆ. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟು ತಾವು ನಿಂತುಕೊಂಡೇ ಬಂದರು, ಆ ಮೊಣಕಾಲಿನಲ್ಲಿ.

ಪುಡಿ ಬಿಟ್ಟದ್ದಕ್ಕೋ, ಜಾರಿದ್ದನ್ನು ತೆಗೆದದ್ದಕ್ಕೋ, ಈ ಸಲ ಐದೇ ದಿನಕ್ಕೆ ನಿಂತಿದೆ. ಆದರೆ ಆ ಐದು ದಿನ ಬಂದದ್ದು ಹುಳು ನಾಲ್ಕನೇ ಜ್ವರದಿಂದ ಎದ್ದ ಹೊತ್ತಿಗೇ. ಪೊರೆ ಬಿಟ್ಟು ಎದ್ದ ಹುಳು ಎಷ್ಟು ತಿನ್ನುತ್ತದೆಂದು ನಿನಗೆ ಹೇಳಬೇಕಿಲ್ಲ, ಹುಳುಮನೆಯೊಳಗೆ ಮಳೆ ಹುಯ್ಯುವ ಹಾಗೆ ಸದ್ದು. ಅವಳು ಜಗುಲಿಯ ಮೇಲೆ ಚಾಪೆ ಹಾಸಿಕೊಳ್ಳುತ್ತಿದ್ದಳು. ನಾನು ಹೊಸಿಲ ಮೇಲೆ ನಿಂತು, ಬಾರಮ್ಮ ಒಳಕ್ಕೆ, ಮೇಲಿನ ತಟ್ಟೆ ನನಗೆ ಎಟುಕೊಲ್ಲ, ಅಂದೆ. ಅವಳು ಕೂಡಲೇ ಬರಲಿಲ್ಲ. ಎರಡನೇ ಸಲ ಕರೆದ ಮೇಲೆ ಕೈ ತೊಳೆದುಕೊಂಡು ಬಂದಳು. ಬಾಗಿಲು ಮುಚ್ಚಲಿಲ್ಲ. ಬಯ್ಯಪ್ಪನ ಹೆಂಡತಿ ಬಿಂದಿಗೆ ಹೊತ್ತು ಹೋಗುವಾಗ ಒಳಗೆ ನೋಡಿದಳು, ನಾನೂ ಅವಳನ್ನು ನೋಡಿದೆ. ನಮ್ಮತ್ತೆ ಇದ್ದಿದ್ದರೆ ಏನನ್ನುತ್ತಿದ್ದರೋ. ಹುಳುವಂತೂ ಏನೂ ಅನ್ನಲಿಲ್ಲ, ಸೊಪ್ಪು ತಿಂದಿತು. ನಿನ್ನೆಯಿಂದ ಹಣ್ಣಾಗುತ್ತಿದೆ, ಚಂದ್ರಿಕೆಗೆ ಬಿಡುತ್ತಿದ್ದೇವೆ. ಗೂಡು ಗಟ್ಟಿಯಾಗುವುದೋ ಜೊಳ್ಳಾಗುವುದೋ ಇನ್ನೂ ನಾಲ್ಕು ದಿನ ಹೋಗಬೇಕು. ಜೊಳ್ಳಾದರೆ ಊರು ಏನನ್ನುತ್ತದೆಂದು ಗೊತ್ತಿದ್ದೇ ಕರೆದೆ.

ಇನ್ನೇನು, ಕಾಗದ ಮುಗಿಯಿತು, ಎರಡು ಕಡೆಯೂ ಬರೆದಿದ್ದೇನೆ. ಮೈ ಬೆಚ್ಚಗೆ ಇಟ್ಟುಕೋ. ಸಿಟ್ಟಿನಲ್ಲಿ ಉಪವಾಸ ಮಲಗುವ ಚಟ ಚಿಕ್ಕಂದಿನಿಂದ ನಿನಗಿದೆ, ಅದು ಬೇಡ. ನಿಮ್ಮಪ್ಪ ಕೇಳಿದರೆಂದು ತಿಳಿ. ಮಕ್ಕಳು ಮೂವರೂ ನಿನ್ನನ್ನು ನೆನೆಸುತ್ತಾರೆ, ಕೂಸಿಗೆ ನೆನಪಿಲ್ಲ, ಆದರೂ ಅಪ್ಪ ಎಂದರೆ ರಸ್ತೆಯ ಕಡೆ ಕೈ ತೋರಿಸುತ್ತದೆ. ನಾಲ್ಕು ಜನ ಮೆಚ್ಚುವ ಹಾಗೆ ಬಾಳು, ಎಲ್ಲಿದ್ದರೂ ದೇವರು ನಿನ್ನ ನೆತ್ತಿ ಕಾಯಲಿ.

ನಿನ್ನ ಅಮ್ಮ,
ಅಕ್ಕಯ್ಯಮ್ಮ

ಮರೆತ ಮಾತು: ಸೋಮವಾರವಾಯಿತು, ಅಂಚೆಯವನು ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಪಟಾಲಮ್ಮಿಗೆ ಸೇರಿದ ಹೊಸದರಲ್ಲಿ ನಿನ್ನ ಕಾಗದಗಳನ್ನು ಬೀದಿಯಲ್ಲಿ ನಿಂತು ಯಾರು ಯಾರೋ ಓದಿ ಹೇಳುತ್ತಿದ್ದರು, ಅದನ್ನು ತಾಳಲಾರದೆ ನಾನು ನಲವತ್ತನೇ ವಯಸ್ಸಿಗೆ ಅಕ್ಷರ ಕಲಿತೆ. ಅಂದಿನಿಂದ ನೀನು ಬರೆದದ್ದರಲ್ಲಿ ಒಂದು ಅಕ್ಷರವನ್ನೂ ಬಿಡದೆ ಅವಳಿಗೆ ಓದಿ ಹೇಳಿದ್ದೇನೆ. ಈ ಸಲದ ಎರಡನೆಯ ಪುಟ ಓದಲಿಲ್ಲ. ಇಷ್ಟೇನಾ ಅತ್ತೆ, ಇನ್ನೊಂದು ಪುಟ ಇದೆಯಲ್ಲ, ಅಂದಳು. ಅದು ನನಗೆ ಬರೆದದ್ದು ಅಂದೆ. ಅವಳು ಮತ್ತೆ ಕೇಳಲಿಲ್ಲ, ಆದರೆ ಆವತ್ತಿನಿಂದ ಮಾತು ಕಡಿಮೆ. ಡಿಸೆಂಬರ್ ಹದಿನೈದರ ಸುಮಾರಿಗೆ ನಾವು ಇನ್ನೊಂದು ಲೂಪು ಹಾಕಿಸಲು ಚಿಕ್ಕಬಳ್ಳಾಪುರಕ್ಕೆ ಹೋಗಬೇಕು. ಅಷ್ಟರೊಳಗೆ ಅವಳ ಹೆಸರಿಗೇ ಒಂದು ಕಾಗದ ಬರೆ, ನಾನು ಮೊದಲಿಂದ ಕೊನೆಯ ತನಕ ಗಟ್ಟಿಯಾಗಿ ಓದಬಹುದಾದದ್ದು. ಬಂದರೆ ಓದಿ ಹೇಳಿ ಬಸ್ಸು ಹತ್ತಿಸುತ್ತೇನೆ. ಬಾರದಿದ್ದರೂ ಬಸ್ಸು ಹತ್ತಿಸುತ್ತೇನೆ.